ಪರದೇಶಕ್ಕೆ ಹೊರಡುವ ಮುನ್ನ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯಲ್ಲಿ ಈಗ ಪರದೇಶವನ್ನು ಕಂಡುಬಂದವರು ಅಪರೂಪವಲ್ಲ. ಹಿಂದೆ ಕಾಶಿಯಾತ್ರೆಗೆ ಹೊರಟವರನ್ನು ಊರ ಗಡಿಯವರೆಗೆ ಹೋಗಿ ಕಳುಹಿಸಿಕೊಡುತ್ತಿದ್ದರು. ಮರಳಿ ಬಂದಾಗ ಅವರು ತಂದ ಗಂಗೆಯ ತೀರ್ಥವನ್ನು ಊರಿಗೆ ಊರೇ ಬಂದು ಸ್ವೀಕರಿಸುತ್ತಿತ್ತು. ಈಗ ಅಡಕೆ ತೋಟದ ನಡುವಣ ಒಂಟಿಮನೆಯ ಹಿರಿಯರೂ ಮಗಳ ಬಾಣಂತನಕ್ಕೆಂದೋ ಮೊಮ್ಮಗನ ಹುಟ್ಟುಹಬ್ಬಕ್ಕೆಂದೋ ಅಮೆರಿಕಕ್ಕೆ, ಆಸ್ಟ್ರೇಲಿಯಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಾರೆ. ತಂಡ ಕಟ್ಟಿಕೊಂಡು ಹನ್ನೆರಡು ದಿನಗಳಲ್ಲಿ ಏಳೆಂಟು ದೇಶಗಳನ್ನು ಸುತ್ತಿ ಬರುವವರೂ ಇದ್ದಾರೆ. ಹೀಗೆ ಹೋಗಿ ಬಂದವರನ್ನು ‘ಏನು ಕಂಡಿರಿ?’ ಎಂದು ಕೇಳುವುದು ನನ್ನ ಅಭ್ಯಾಸ. ರಸ್ತೆಗಳು ಅಗಲವಾಗಿವೆ, ಯಾರೂ ಹಾರನ್ ಹಾಕುವುದಿಲ್ಲ, ಚಳಿ ಬಹಳ, ಸೋನಾಮಸೂರಿ ಅಕ್ಕಿ ಸಿಗುತ್ತದೆ, ತೆಂಗಿನಕಾಯಿ ತುಟ್ಟಿ—ಇಷ್ಟರಲ್ಲಿ ಉತ್ತರ ಮುಗಿದುಹೋಗುತ್ತದೆ. ಉತ್ತರ ಕೊಟ್ಟವರು ದಡ್ಡರಲ್ಲ. ತಮ್ಮ ತೋಟದಲ್ಲಿ ಯಾವ ಮರಕ್ಕೆ ಕೊಳೆರೋಗ ಮೊದಲು ತಗಲಿತು, ಯಾವ ವರ್ಷ ಹೊಳೆ ಎಲ್ಲಿಯವರೆಗೆ ಏರಿತು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳಬಲ್ಲವರು. ಅಂಥವರು ಅಷ್ಟು ದೂರ ಹೋಗಿ ಇಷ್ಟೇ ತಂದರೆಂದರೆ ಕುಂದು ಅವರ ಕಣ್ಣಿನಲ್ಲಿಲ್ಲ, ಸಿದ್ಧತೆಯಲ್ಲಿದೆ. ಪ್ರಯಾಣದ ಸಿದ್ಧತೆಯೆಂದರೆ ಪೆಟ್ಟಿಗೆ ಕಟ್ಟುವುದು ಎಂದು ನಾವು ತಿಳಿದುಕೊಂಡಿದ್ದೇವೆ.

ಈ ವಿಷಯದಲ್ಲಿ ನಾನೇ ಕುಳಿತು ನಿಯಮಗಳನ್ನು ಹೇಳುವುದಕ್ಕಿಂತ, ಪರದೇಶವನ್ನು ನೋಡುವ ವಿದ್ಯೆ ಬಲ್ಲವನೊಬ್ಬ ನಮ್ಮ ಊರಿಗೇ ಬಂದು ಹೋದ ಸಂಗತಿಯನ್ನು ಹೇಳುವುದು ಮೇಲು. ಸಾಗರದಿಂದ ಇಕ್ಕೇರಿಗೆ ಇರುವ ದೂರ ಒಂದು ಗಂಟೆಯ ನಡಿಗೆಗಿಂತ ಬಹಳ ಹೆಚ್ಚಲ್ಲ. ಇಂದು ಅಲ್ಲಿ ಅಘೋರೇಶ್ವರನ ದೇವಾಲಯವೊಂದೇ ಗಂಭೀರವಾಗಿ ನಿಂತಿದೆ; ಸುತ್ತಲೂ ಗದ್ದೆ, ತೋಟ. 1623ನೆಯ ಇಸವಿಯಲ್ಲಿ ಅದು ವೆಂಕಟಪ್ಪ ನಾಯಕನ ರಾಜಧಾನಿ. ಆ ವರ್ಷದ ನವೆಂಬರ್ ತಿಂಗಳಲ್ಲಿ ರೋಮ್ ನಗರದ ಶ್ರೀಮಂತ ಮನೆತನದವನಾದ ಪಿಯೆತ್ರೊ ದೆಲ್ಲ ವಲ್ಲೆ ಎಂಬಾತ ಆ ಊರಿಗೆ ಬಂದ. ಗೋವೆಯ ಪೋರ್ಚುಗೀಸರು ನಾಯಕನಲ್ಲಿಗೆ ಕಳುಹಿಸಿದ ರಾಯಭಾರಿಯ ಜತೆಗಾರನಾಗಿ ಬಂದವನು ಅವನು. ಪೋರ್ಚುಗೀಸರಿಗೆ ಬೇಕಾಗಿದ್ದುದು ನಮ್ಮ ಘಟ್ಟದ ಮೆಣಸು. ಇವನಿಗೆ ಮೆಣಸಿನ ಗೊಡವೆಯಿರಲಿಲ್ಲ. ಹಿಂದೂ ಅರಸನೊಬ್ಬನ ಆಳ್ವಿಕೆಯ ನಾಡು ಹೇಗಿರುತ್ತದೆಂಬುದನ್ನು ಕಣ್ಣಾರೆ ನೋಡಬೇಕಾಗಿತ್ತು, ಅಷ್ಟೆ.

ಅವನು ವೆನಿಸ್ ಬಂದರಿನಿಂದ ಹೊರಟಿದ್ದು 1614ರಲ್ಲಿ. ಪ್ರೇಮಭಂಗದಿಂದ ನೊಂದು ಬದುಕೇ ಬೇಡವೆನ್ನುತ್ತಿದ್ದವನಿಗೆ ಯಾತ್ರೆಗೆ ಹೋಗೆಂದು ಹೇಳಿದವನು ನೇಪಲ್ಸ್ ನಗರದ ವೈದ್ಯ ಮಾರಿಯೊ ಸ್ಕಿಪಾನೊ ಎಂಬ ಗೆಳೆಯ. ಜೆರೂಸಲೇಮಿಗೆ ಹೋಗುವವನು ನೇರವಾಗಿ ಅಲ್ಲಿಗೆ ಹೋಗಲಿಲ್ಲ. ದಾರಿಯಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ವರ್ಷಕ್ಕೂ ಮೀರಿ ನಿಂತು ತುರ್ಕಿ ಭಾಷೆಯನ್ನು ಅಭ್ಯಾಸಮಾಡಿದ. ಮುಂದೆ ಅರಬ್ಬಿ, ಪಾರಸಿಗಳನ್ನೂ ಕಲಿತ. ಬಾಗ್ದಾದಿನಲ್ಲಿ ಸಿತ್ತಿ ಮಆನಿ ಎಂಬ ಕನ್ಯೆಯನ್ನು ಮದುವೆಯಾದ. ಆಕೆ 1621ರ ಕೊನೆಯಲ್ಲಿ ಪಾರಸಿಕ ದೇಶದ ಕಡಲ ತೀರದಲ್ಲಿ ತೀರಿಕೊಂಡಳು. ಆಕೆಯ ದೇಹವನ್ನು ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಊರಿಗೊಯ್ದು ತನ್ನ ವಂಶದ ಸಮಾಧಿಯಲ್ಲಿಯೇ ಇಡಬೇಕೆಂದು ಹಟತೊಟ್ಟವನು ಭಾರತಕ್ಕೆ ಬಂದ. ಇಷ್ಟು ಹೇಳಿದ್ದು ಕತೆಯ ಸ್ವಾರಸ್ಯಕ್ಕಾಗಿ ಮಾತ್ರವಲ್ಲ. ಇದರ ಪ್ರಯೋಜನ ಮುಂದೆ ತಿಳಿಯುತ್ತದೆ.

ಗೋವೆಯಿಂದ ಸಮುದ್ರ ಮಾರ್ಗವಾಗಿ ಹೊನ್ನಾವರ, ಅಲ್ಲಿಂದ ಶರಾವತಿಯಲ್ಲಿ ದೋಣಿಯೇರಿ ಗೇರಸೊಪ್ಪೆ, ಅಲ್ಲಿಂದ ಘಟ್ಟ—ಇದು ಅವನು ಬಂದ ದಾರಿ. ಆ ಹೊಳೆಯ ಪ್ರಯಾಣವನ್ನು ಅವನು ಮನಸಾರೆ ಹೊಗಳಿದ್ದಾನೆ. ಘಟ್ಟದ ಹಾದಿಯಲ್ಲಿ ಒಂದು ದೇವಾಲಯದ ಬಳಿ ರಾಯಭಾರಿಯ ಪರಿವಾರ ತಂಗಿದಾಗ ನಡೆದದ್ದನ್ನು ಕೇಳಿ. ದೇವಾಲಯದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು. ಒಬ್ಬ ರಾಗವಾಗಿ ಪಾಠವನ್ನು ಹೇಳುತ್ತ, ಹೇಳಿದ್ದನ್ನು ಬೆರಳಿನಿಂದ ಮರಳ ಮೇಲೆ ಬರೆಯುತ್ತಾನೆ. ಮಿಕ್ಕ ಮೂವರು ಅದೇ ರಾಗದಲ್ಲಿ ಹೇಳಿ ಅದನ್ನೇ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಹೊಸ ಮರಳು ಹರಡುತ್ತಾರೆ. ನಮ್ಮ ‘ಒಂದೊಂದಲೆ ಒಂದು’ ಮಗ್ಗಿಯನ್ನು ಬಾಲ್ಯದಲ್ಲಿ ಕೂಗಿದವರಿಗೆ ಆ ದನಿ ಈಗಲೂ ಕೇಳಿಸೀತು. ರಾಯಭಾರಿಯ ಪರಿವಾರದಲ್ಲಿ ಎಷ್ಟೋ ಜನರಿದ್ದರು. ಎಲ್ಲರೂ ಆ ಹುಡುಗರನ್ನು ದಾಟಿಯೇ ಹೋಗಿರಬೇಕು. ಈತ ಅಲ್ಲಿ ನಿಂತ. ನಿಂತದ್ದಲ್ಲದೆ ಒಂದು ಪ್ರಶ್ನೆ ಕೇಳಿದ: ಉಪಾಧ್ಯಾಯರು ಇಲ್ಲಿಲ್ಲವಲ್ಲ, ನಿಮ್ಮಲ್ಲಿ ಯಾರಾದರೂ ಮರೆತರೆ ತಿದ್ದುವವರು ಯಾರು? ನಾಲ್ವರೂ ಒಂದೇ ಕಡೆಯಲ್ಲಿ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ, ಅದಕ್ಕಾಗಿಯೇ ಕೂಡಿ ಕಲಿಯುತ್ತೇವೆ ಎಂದು ಹುಡುಗರು ಹೇಳಿದರಂತೆ. ಹುಡುಗರು ಹೇಳಿದ್ದು ಸರಿಯೆಂದು ಅವನು ಒಪ್ಪಿಕೊಂಡು ಬರೆದಿಟ್ಟ.

ಕೇಳುಗರು ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಸುಮಾರು 170 ವರ್ಷಗಳ ಅನಂತರ ಮದರಾಸಿನಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿ, ಹೀಗೆಯೇ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಕ್ರಮವೊಂದನ್ನು ರೂಪಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಪ್ರಕಟಿಸಿದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಹಬ್ಬಿತು. ಜಗಲಿಯ ಮೇಲಿನ ಮರಳು ಎಲ್ಲಿಯವರೆಗೆ ಹೋಯಿತು ನೋಡಿ. ಅರಮನೆಯನ್ನೂ ಕೋಟೆಯನ್ನೂ ಎಲ್ಲರೂ ನೋಡುತ್ತಾರೆ. ಜಗಲಿಯನ್ನು ನೋಡುವುದಕ್ಕೆ ಬಿಡುವು ಬೇಕು.

ಇಕ್ಕೇರಿಯಲ್ಲಿಯೂ ಅವನ ಕಣ್ಣು ಹೀಗೆಯೇ ಕೆಲಸ ಮಾಡಿತು. ಊರಿನ ಹೊರ ಆವರಣ ಗೋಡೆಯಲ್ಲ, ದಟ್ಟವಾಗಿ ಬೆಳೆಸಿದ ಎತ್ತರದ ಬಿದಿರ ಹಿಂಡಿಲು ಎಂಬುದನ್ನು ಗಮನಿಸಿದ. ನಮ್ಮ ಪಾಲಿಗೆ ಬಿದಿರು ಬಿದಿರಷ್ಟೆ. ಅದು ಕೋಟೆಯಾಗಿತ್ತೆಂದು ನಮಗೆ ತಿಳಿಸಲು ರೋಮಿನವನು ಬರಬೇಕಾಯಿತು. ಒಂದು ದಿನ ಬೀದಿಯಲ್ಲಿ ಹೆಂಗಸೊಬ್ಬಳನ್ನು ಕುದುರೆಯ ಮೇಲೆ ಕುಳ್ಳಿರಿಸಿ ವಾದ್ಯ ಸಮೇತ ಮೆರೆಸಿಕೊಂಡು ಹೋಗುತ್ತಿದ್ದುದನ್ನು ಕಂಡ. ಆಕೆಯ ಗಂಡ ಸತ್ತಿದ್ದ. ಆಕೆ ಸಹಗಮನಕ್ಕೆ ನಿಶ್ಚಯಿಸಿದ್ದಳು. ನೋಡಿದವನು ಅಷ್ಟಕ್ಕೆ ಬಿಡಲಿಲ್ಲ. ಆಕೆಯ ಮನೆಯನ್ನು ಹುಡುಕಿಕೊಂಡು ಹೋಗಿ, ದುಭಾಷಿಯ ಮೂಲಕ ಮಾತನಾಡಿಸಿದ. ಯಾರಾದರೂ ಬಲವಂತಮಾಡಿದ್ದಾರೆಯೇ ಎಂದು ಕೇಳಿದ. ಬೇಡವೆಂದು ಹೇಳಿ ನೋಡಿದ. ಆಕೆ ತನ್ನ ಇಚ್ಛೆಯೆಂದೇ ಹೇಳಿದಳು. ಹೆಸರು ಕೇಳಿ ಬರೆದುಕೊಂಡ—ಜಾಕ್ಕಮ ಎಂದು. ನಮ್ಮ ಜಕ್ಕಮ್ಮ ಇರಬೇಕು. ಹೆಂಡತಿಯನ್ನು ಕಳೆದುಕೊಂಡು ಇನ್ನೂ ಎರಡು ವರ್ಷವಾಗದ, ಅವಳ ದೇಹವನ್ನು ದೇಶದಿಂದ ದೇಶಕ್ಕೆ ಹೊತ್ತು ತಿರುಗುತ್ತಿದ್ದ ಒಬ್ಬ ಗಂಡಸು, ಗಂಡನನ್ನು ಕಳೆದುಕೊಂಡು ಬೆಂಕಿಗೆ ಬೀಳಲಿರುವ ಹೆಂಗಸಿನ ಎದುರು ಕುಳಿತು ಆಡಿದ ಮಾತು ಅದು. ಆ ದುಃಖ ಅವನಲ್ಲಿ ಇಲ್ಲದಿದ್ದರೆ ಆ ಮನೆಯ ಬಾಗಿಲು ಅವನಿಗೆ ಕಾಣಿಸುತ್ತಿತ್ತೋ ಇಲ್ಲವೋ! ಇಕ್ಕೇರಿಯ ಆ ಕಾಲದ ಸಾಮಾನ್ಯ ಹೆಂಗಸೊಬ್ಬಳ ಹೆಸರೂ ಮಾತೂ ನಮಗೆ ಉಳಿದು ಬಂದಿರುವುದು ಈ ಪರದೇಶಿಯಿಂದ.

ಅವನು ದೋಷವಿಲ್ಲದ ನೋಟಕನೆಂದು ನಾನು ಹೇಳುತ್ತಿಲ್ಲ. ನಮ್ಮ ದೇವತೆಗಳನ್ನು ತನ್ನ ಮತದ ಅಳತೆಗೋಲಿನಿಂದಲೇ ಅಳೆದ, ಸಾಕಷ್ಟು ಹೀಗಳೆದ. ಆದರೆ ಪ್ರವಾಸದ ಮಟ್ಟಿಗೆ ಅವನಿಂದ ಕಲಿಯಬೇಕಾದ್ದು ಬಹಳ ಇದೆ. ಮನೆಯಿಂದ ಹೊರಡುವಾಗಲೇ ಅವನಲ್ಲಿ ಕೇಳಬೇಕಾದ ಪ್ರಶ್ನೆಗಳಿದ್ದವು. ಪ್ರಶ್ನೆಗಳಿಲ್ಲದೆ ಹೋದವನಿಗೆ ಪರದೇಶ ಒಂದು ಉದ್ದನೆಯ ಅಂಗಡಿಬೀದಿ.

ಹಾಗಾದರೆ ನಮ್ಮ ಪ್ರಶ್ನೆ ಯಾವುದು? ಅದು ಪುಸ್ತಕದಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ಬದುಕಿನಿಂದಲೇ ಬರಬೇಕು. ಅಡಕೆ ಬೆಳೆಯುವವರು ಇಟಲಿಗೆ ಹೋದರೆ ದ್ರಾಕ್ಷಿತೋಟದವನ ಸಹಕಾರ ಸಂಘ ಹೇಗೆ ನಡೆಯುತ್ತದೆ, ಬೆಲೆ ಬಿದ್ದ ವರ್ಷ ಅವನು ಏನು ಮಾಡುತ್ತಾನೆ ಎಂದು ಕೇಳಬಹುದು. ಲಿಂಗನಮಕ್ಕಿಯ ನೀರಿನಲ್ಲಿ ಹಿರಿಯರ ಮನೆ ಮುಳುಗಿದವರು ಹಾಲೆಂಡಿಗೆ ಹೋದರೆ, ಸಮುದ್ರವನ್ನು ಹಿಂದಕ್ಕೆ ತಳ್ಳಿ ನೆಲ ಪಡೆದ ಆ ಜನರನ್ನು ನೀರಿನ ವಿಷಯ ಕೇಳದೆ ಹೂದೋಟವನ್ನಷ್ಟೇ ನೋಡಿ ಬರುವುದು ನಷ್ಟವೇ ಸರಿ. ಹೆಗ್ಗೋಡಿನ ಕಡೆಯವರಿಗೆ ಒಂದು ಅನುಕೂಲವಿದೆ. ಕೆ. ವಿ. ಸುಬ್ಬಣ್ಣನವರೂ ನೀನಾಸಮ್ಮಿನ ಗೆಳೆಯರೂ 1973ರಿಂದ ಚಿತ್ರಸಮಾಜವನ್ನು ಕಟ್ಟಿ ಜಗತ್ತಿನ ಒಳ್ಳೆಯ ಚಲನಚಿತ್ರಗಳನ್ನು ಹಳ್ಳಿಯ ಜನರ ಮುಂದೆ ತಂದರು. ಅವುಗಳನ್ನು ನೋಡಿ ಬೆಳೆದವನಿಗೆ ಪರದೇಶದ ಅರ್ಧ ಪರಿಚಯ ಮನೆಯಲ್ಲಿಯೇ ಆಗಿರುತ್ತದೆ. ‘ದೇಶ ಸುತ್ತು, ಕೋಶ ಓದು’ ಎನ್ನುತ್ತೇವೆ. ನನ್ನ ಮಟ್ಟಿಗೆ ಕೋಶವೇ ಮೊದಲು. ಹೋಗುವ ದೇಶದ ಒಂದು ಕಾದಂಬರಿ, ಒಂದು ಚರಿತ್ರೆಯ ಪುಸ್ತಕ—ಇವೆರಡನ್ನು ಮಳೆಗಾಲದಲ್ಲಿ ಓದಿಕೊಂಡು ಚಳಿಗಾಲ ಕಳೆದ ಮೇಲೆ ಹೊರಡುವುದು ಒಳ್ಳೆಯ ಕ್ರಮ. ಭಾಷೆ ಕಲಿಯಲು ನಮಗೆ ಕಾನ್‌ಸ್ಟಾಂಟಿನೋಪಲಿನ ವರ್ಷವಿಲ್ಲ. ನಮಸ್ಕಾರ, ದಯವಿಟ್ಟು, ಉಪಕಾರವಾಯಿತು, ಕ್ಷಮಿಸಿ, ಇದರ ಬೆಲೆ ಎಷ್ಟು—ಈ ಐದು ಮಾತುಗಳನ್ನು ಆ ದೇಶದ ಭಾಷೆಯಲ್ಲಿ ಕಲಿಯಲು ಒಂದು ವಾರ ಸಾಕು. ಆ ಐದು ಮಾತುಗಳಿಂದ ತೆರೆಯುವ ಬಾಗಿಲುಗಳು ಇಂಗ್ಲಿಷಿನಿಂದ ತೆರೆಯುವುದಿಲ್ಲ.

ಕನ್ನಡದ ಅಭಿಮಾನವುಳ್ಳವರಿಗೆ ಯೂರೋಪಿನಲ್ಲಿ ನೋಡಲು ಕೆಲವು ಸ್ಥಳಗಳಿವೆ; ಪ್ರವಾಸ ಕಂಪನಿಯವರ ಪಟ್ಟಿಯಲ್ಲಿ ಅವು ಇರುವುದಿಲ್ಲ. ಜರ್ಮನಿಯ ಟ್ಯೂಬಿಂಗನ್ ಪುಟ್ಟ ವಿದ್ಯಾನಗರಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ನಮ್ಮ ದೊಡ್ಡ ನಿಘಂಟಿನ ಕರ್ತೃ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾನಿಲಯ ಅಲ್ಲಿದೆ. ಅವರು 1903ರಲ್ಲಿ ಕಾಲವಾದದ್ದೂ ಆ ಊರಿನಲ್ಲಿಯೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಬಾಸೆಲ್ ಮಿಶನ್ನಿನ ದಾಖಲೆಗಳ ಭಂಡಾರವಿದೆ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ನಿಂತಿದೆ. ಇನ್ನು ರೋಮಿಗೆ ಹೋದ ಸಾಗರದವರು ಕೊಲೊಸಿಯಮ್ ನೋಡಿದ ಮಧ್ಯಾಹ್ನ ಹತ್ತಿರದಲ್ಲಿಯೇ ಇರುವ ಸಾಂತಾ ಮರೀಯಾ ಇನ್ ಅರಾಚೇಲಿ ಎಂಬ ಪ್ರಾಚೀನ ದೇವಾಲಯಕ್ಕೆ ಹೋಗಿಬರಲಿ. ನೂರಕ್ಕೂ ಮಿಕ್ಕಿದ ಅಮೃತಶಿಲೆಯ ಮೆಟ್ಟಿಲುಗಳಿವೆ. ಕವಲೇದುರ್ಗವನ್ನು ಹತ್ತಿದವರಿಗೆ ಅದೊಂದು ಲೆಕ್ಕವಲ್ಲ. ನಮ್ಮ ಇಕ್ಕೇರಿಯನ್ನು ನೋಡಿ ಬರೆದವನು ತನ್ನ ಸಿತ್ತಿ ಮಆನಿಯನ್ನು ಕೊನೆಗೂ ಊರು ಮುಟ್ಟಿಸಿ ಸಮಾಧಿಮಾಡಿದ್ದು ಅಲ್ಲಿ. 1652ರಲ್ಲಿ ತಾನೂ ಅಲ್ಲಿಯೇ ಮಣ್ಣಾದ. ಆ ಮೆಟ್ಟಿಲುಗಳ ಮೇಲೆ ಕುಳಿತು ನಾನು ಒಮ್ಮೆ ಬಿದಿರ ಹಿಂಡಿಲನ್ನು ನೆನೆದದ್ದುಂಟು. ವ್ಯಾಟಿಕನ್ನಿನ ವೈಭವಕ್ಕಿಂತ ನನ್ನ ನೆನಪಿನಲ್ಲಿ ಹೆಚ್ಚಾಗಿ ನಿಂತಿರುವುದು ಅದು.

ಹನ್ನೆರಡು ದಿನಗಳಲ್ಲಿ ಎಂಟು ದೇಶವೆಂಬ ಏರ್ಪಾಡನ್ನು ನಾನು ಯಾರಿಗೂ ಹೇಳಲಾರೆ. ಅದರಲ್ಲಿ ಜಗಲಿಗೆ ಸಮಯವಿಲ್ಲ. ಒಂದು ದೇಶ, ಅದರಲ್ಲಿ ಎರಡು ಊರು, ಒಂದೊಂದರಲ್ಲಿ ಐದಾರು ದಿನ. ಒಂದೇ ಬೀದಿಯಲ್ಲಿ ಮೂರನೆಯ ದಿನ ನಡೆಯುವಾಗ ರೊಟ್ಟಿಯಂಗಡಿಯವನು ಮುಗುಳ್ನಗುತ್ತಾನೆ. ಪ್ರವಾಸ ಆರಂಭವಾಗುವುದು ಆಗ. ವಸ್ತುಸಂಗ್ರಹಾಲಯಗಳಲ್ಲಿಯೂ ಅಷ್ಟೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಪ್ರವೇಶ ಶುಲ್ಕವಿಲ್ಲ. ಒಂದೇ ದಿನ ಎಲ್ಲವನ್ನೂ ನೋಡಿ ಕಾಲು ಊದಿಸಿಕೊಳ್ಳುವ ಬದಲು ಎರಡು ದಿನ ಎರಡೆರಡು ಕೋಣೆಗಳನ್ನು ನೋಡಬಹುದು.

ಮಕ್ಕಳ ಮನೆಗೆ ಹೋಗುವ ಹಿರಿಯರ ಸಮಸ್ಯೆ ಇದಕ್ಕೆ ವಿರುದ್ಧ. ಅವರಲ್ಲಿ ದಿನಗಳು ಬೇಕಾದಷ್ಟಿವೆ. ಬೆಳಗ್ಗೆ ಮಗ, ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆ ಮೌನ. ಕಿಟಕಿಯಾಚೆ ಯಾರೂ ನಡೆಯದ ಬೀದಿ. ನಮ್ಮಲ್ಲಿ ಇಡೀ ಜೀವನ ಹತ್ತು ಜನರ ನಡುವೆ ಬದುಕಿದವರು ಅಲ್ಲಿ ಎರಡನೆಯ ತಿಂಗಳಿಗೆ ಮಂಕಾಗುವುದನ್ನು ಕಂಡಿದ್ದೇನೆ. ಇದು ಸಣ್ಣ ಸಂಕಟವಲ್ಲ. ಮಕ್ಕಳೆದುರು ಹೇಳಿಕೊಳ್ಳಲಾಗದ ಸಂಕಟ. ಇದಕ್ಕೆ ಸಿದ್ಧತೆಯನ್ನು ಇಲ್ಲಿಂದಲೇ ಮಾಡಬೇಕು. ಆ ಊರಿನ ಸಾರ್ವಜನಿಕ ಗ್ರಂಥಾಲಯ ಮನೆಯಿಂದ ಎಷ್ಟು ದೂರ, ನಡೆದು ಹೋಗಬಹುದೇ, ಬಸ್ಸಿದೆಯೇ ಎಂಬುದನ್ನು ಮಗನಿಗೆ ಬರೆದು ತಿಳಿದುಕೊಳ್ಳಿ. ಅಮೆರಿಕದ ಗ್ರಂಥಾಲಯಗಳಲ್ಲಿ ಒಳಗೆ ಕುಳಿತು ಓದುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ. ಹತ್ತಿರದ ಕನ್ನಡ ಸಂಘ ಯಾವುದು, ಮಕ್ಕಳಿಗೆ ಕನ್ನಡ ಪಾಠ ನಡೆಯುತ್ತದೆಯೇ, ಅಲ್ಲಿ ಕತೆ ಹೇಳಲು ಅಜ್ಜಿ ಬೇಕೇ ಎಂದು ವಿಚಾರಿಸಿ. ಸಾಧ್ಯವಿದ್ದರೆ ವಸಂತಕ್ಕೆ ತಲಪುವಂತೆ ಹೊರಡಿ. ಹಿಮದಲ್ಲಿ ಇಳಿದವರಿಗೆ ಮನೆಯೇ ಸೆರೆಯಾಗುತ್ತದೆ. ಇಳಿವಯಸ್ಸಿನಲ್ಲಿ ಹೋಗಿಯೂ ಕಣ್ಣು ತೆರೆದುಕೊಂಡೇ ಇದ್ದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಅವರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಶೀರ್ಷಿಕೆಯನ್ನೇ ಗಮನಿಸಿ: ಹೋದದ್ದು ವ್ಯಕ್ತಿ ಮಾತ್ರವಲ್ಲ, ಊರೂ ಹೋಗಿತ್ತು.

ಊರು ಜತೆಗೆ ಹೋಗುವುದೆಂದಾಗ ತೀರ್ಥಹಳ್ಳಿಯವರನ್ನು ನೆನೆಯದಿರಲಾಗುವುದಿಲ್ಲ. ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದು ಬಂದರು. ಅಲ್ಲಿರುವಾಗ ಒಂದು ಸಂಜೆ ತಮ್ಮ ಮಾರ್ಗದರ್ಶಕ ಮಾಲ್ಕಮ್ ಬ್ರಾಡ್‌ಬರಿಯವರೊಂದಿಗೆ ಸ್ವೀಡನ್ನಿನ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಚಿತ್ರವನ್ನು ನೋಡಿದ್ದು, ಯೂರೋಪಿನ ಮಧ್ಯಯುಗದ ಆ ಪ್ಲೇಗಿನ ಕತೆಯಿಂದ ತಮ್ಮ ಅಗ್ರಹಾರದ ಬದುಕು ಮನಸ್ಸಿನಲ್ಲಿ ಎದ್ದು ನಿಂತದ್ದು—ಇದನ್ನು ಅವರೇ ಹೇಳಿಕೊಂಡಿದ್ದಾರೆ. ಹೀಗೆ ಹುಟ್ಟಿದ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಅದನ್ನು ತೀರ್ಥಹಳ್ಳಿಯಲ್ಲಿಯೇ ಕುಳಿತು ಬರೆಯಬಹುದಿತ್ತೇ ಎಂದು ಕೇಳುವವರಿದ್ದಾರೆ. ಬರೆಯಬಹುದಿತ್ತೋ ಏನೋ, ಬರೆದದ್ದು ಮಾತ್ರ ಅಲ್ಲಿ. ಅಗ್ರಹಾರವನ್ನು ಚೆನ್ನಾಗಿ ಬಲ್ಲವರು ಅದರಿಂದ ಸಾವಿರಾರು ಮೈಲಿ ದೂರ ನಿಂತಾಗ ಅದರ ಪೂರ್ತಿ ಆಕಾರ ಕಂಡಿತು. ಅಗ್ರಹಾರವನ್ನು ಬಲ್ಲದವರಿಗೆ ಆ ಸಿನಿಮಾ ಬರಿಯ ಸಿನಿಮಾ ಆಗುತ್ತಿತ್ತು.

ಆದಕಾರಣ ಪರದೇಶದ ಸಿದ್ಧತೆಯಲ್ಲಿ ಸ್ವದೇಶವನ್ನು ನೋಡುವುದೂ ಸೇರಿದೆ. ಪರದೇಶದಲ್ಲಿ ಯಾರೋ ಸ್ನೇಹದಿಂದ ‘ನಿಮ್ಮದು ಯಾವ ಊರು, ಹೇಗಿದೆ?’ ಎಂದು ಕೇಳುತ್ತಾರೆ. ಹೊಸನಗರದವರು ಬಿದನೂರು ನಗರದ ಕೋಟೆಯನ್ನು ಒಮ್ಮೆಯೂ ಹತ್ತದೆ ಐಫೆಲ್ ಗೋಪುರ ಹತ್ತಿದರೆ ಆ ಪ್ರಶ್ನೆಗೆ ಏನು ಹೇಳಬೇಕು? ಶಿವಪ್ಪ ನಾಯಕ ಅಲ್ಲಿಂದ ಆಳಿದ, 1763ರಲ್ಲಿ ಹೈದರಾಲಿ ಅದನ್ನು ಗೆದ್ದ ಎಂಬಷ್ಟಾದರೂ ತಿಳಿದಿರಬೇಡವೇ? ಹೊರಡುವ ಮುನ್ನ ಒಂದು ಭಾನುವಾರ ಇಕ್ಕೇರಿ, ಕೆಳದಿ. ಇನ್ನೊಂದು ಭಾನುವಾರ ನಗರ. ಮತ್ತೊಂದು ಭಾನುವಾರ ಕವಲೇದುರ್ಗ. ಇದಕ್ಕೆ ವೀಸಾ ಬೇಕಿಲ್ಲ.

ವೀಸಾದ ಮಾತು ಬಂತು. ಕಾಗದಪತ್ರಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಹೋಗಬೇಕಾದ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರುವ ಪಾಸ್‌ಪೋರ್ಟ್ ಇರಲಿ. ಅನೇಕ ದೇಶಗಳು ಅದನ್ನು ಕೇಳುತ್ತವೆ. ಯೂರೋಪಿನ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು; ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕದ ವೀಸಾದಲ್ಲಿ 10 ವರ್ಷವೆಂದಿದ್ದರೆ ಅಷ್ಟು ಕಾಲ ಅಲ್ಲಿರಬಹುದೆಂದಲ್ಲ. ಎಷ್ಟು ದಿನವೆಂಬುದನ್ನು ಪ್ರತಿಸಲವೂ ಅಲ್ಲಿಳಿದಾಗ ಅಧಿಕಾರಿ ನಿರ್ಧರಿಸುತ್ತಾನೆ, ಸಾಮಾನ್ಯವಾಗಿ ಹೆಚ್ಚೆಂದರೆ ಆರು ತಿಂಗಳು. ಅಲ್ಲಿ ವಿಮೆ ಕಡ್ಡಾಯವಲ್ಲ. ಆದರೂ ಅರವತ್ತು ದಾಟಿದವರು ಅದಿಲ್ಲದೆ ವಿಮಾನ ಹತ್ತಬಾರದು. ಔಷಧಿಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಅಪ್ಪೆಮಿಡಿ ಉಪ್ಪಿನಕಾಯಿಯಿಲ್ಲದೆ ನಮ್ಮವರು ಹೊರಡುವುದಿಲ್ಲ, ಹೊರಡಲೂ ಬೇಡಿ. ಆದರೆ ರಸ ಸೋರದಂತೆ ಕಟ್ಟಿ ದೊಡ್ಡ ಪೆಟ್ಟಿಗೆಯಲ್ಲಿಡಿ, ಆಸ್ಟ್ರೇಲಿಯಕ್ಕಾದರೆ ತಿನ್ನುವ ಪದಾರ್ಥ ತಂದಿದ್ದೇವೆಂದು ಚೀಟಿಯಲ್ಲಿ ಬರೆದು ತೋರಿಸಿ. ಗಸಗಸೆಯನ್ನು ಮಾತ್ರ ದುಬೈಗೂ ಸಿಂಗಪುರಕ್ಕೂ ಒಯ್ಯಲೇಬೇಡಿ. ನಮ್ಮ ಪಾಯಸದ ಗಸಗಸೆ ಅಲ್ಲಿ ಮಾದಕವಸ್ತುವಿನ ಸಾಲಿಗೆ ಸೇರುತ್ತದೆ. ಸೆರೆಮನೆಯ ಪ್ರಮೇಯ ಬಂದೀತು. 2025ರಲ್ಲಿ ಸಿಗಂದೂರಿನ ಸೇತುವೆ ತೆರೆಯುವವರೆಗೂ ಹಿನ್ನೀರಿನ ದಡದಲ್ಲಿ ಲಾಂಚಿಗಾಗಿ ಕಾದ ತುಮರಿ ಸೀಮೆಯವರಿಗೆ ವೀಸಾ ಕಚೇರಿಯ ಸರದಿಯ ತಾಳ್ಮೆಯನ್ನು ನಾನು ಕಲಿಸಬೇಕಾಗಿಲ್ಲ.

ಕೊನೆಯದಾಗಿ, ಬರೆಯುವುದು. ಕೈಯಲ್ಲಿರುವ ಫೋನು ಸಾವಿರ ಚಿತ್ರಗಳನ್ನು ಹಿಡಿಯುತ್ತದೆ. ಊರಿಗೆ ಬಂದ ಮೇಲೆ ಅವುಗಳಲ್ಲಿ ಯಾವುದು ಯಾವ ಊರಿನದೆಂದು ನೆನಪಾಗುವುದಿಲ್ಲ. ಹುಡುಗರು ಹೇಳಿದ ಉತ್ತರ ಚಿತ್ರದಲ್ಲಿ ಬರುವುದೂ ಇಲ್ಲ. ದೆಲ್ಲ ವಲ್ಲೆ ದಿನಚರಿಯನ್ನಿಟ್ಟದ್ದು ತನಗಾಗಿ. ಉದ್ದುದ್ದ ಪತ್ರಗಳನ್ನು ಬರೆದದ್ದು ನೇಪಲ್ಸಿನ ಆ ವೈದ್ಯಮಿತ್ರನಿಗೆ. ಹನ್ನೆರಡು ವರ್ಷಗಳ ಕಾಲ ದೇಶದಿಂದ ದೇಶಕ್ಕೆ ಹೋಗುತ್ತ ಅವನೊಬ್ಬನನ್ನೇ ಮನಸ್ಸಿನ ಮುಂದಿಟ್ಟುಕೊಂಡು ಬರೆದ. ಭಾರತದ ಭಾಗ ಅಚ್ಚಾದದ್ದು 1663ರಲ್ಲಿ, ಅವನು ಸತ್ತು ಹನ್ನೊಂದು ವರ್ಷಗಳ ಮೇಲೆ. ಲೋಕಕ್ಕೆ ಹೇಳುತ್ತೇನೆಂದು ಕುಳಿತರೆ ಬರೆಹ ಉಬ್ಬಿಹೋಗುತ್ತದೆ. ವಿಷಯ ತಿಳಿಯಲು ಆತುರದಿಂದ ಕಾದಿರುವ ಒಬ್ಬರಿಗೆ ಹೇಳುವಾಗ ಮರಳು, ಬಿದಿರು, ಹೆಂಗಸಿನ ಹೆಸರು ಎಲ್ಲವೂ ಬರುತ್ತವೆ. ಊರಿನಲ್ಲಿ ಅಂಥವರು ಯಾರಿದ್ದಾರೆ ಎಂದು ಈಗಲೇ ಯೋಚಿಸಿ. ಹೊರಗೆ ಹೋಗಲಾರದೆ ಮನೆಯಲ್ಲಿಯೇ ಇರುವ ಅಕ್ಕನಿರಬಹುದು, ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರಿರಬಹುದು. ವಾರಕ್ಕೊಂದು ಪತ್ರ, ಎರಡು ಪುಟ, ಕನ್ನಡದಲ್ಲಿ. ಹೊರಡುವ ಮುನ್ನ ಅವರ ವಿಳಾಸವನ್ನು ಪಿನ್‌ಕೋಡ್ ಸಹಿತ ಬರೆದಿಟ್ಟುಕೊಳ್ಳಿ.